ವಿಯೆನ್ನಾದಲ್ಲಿ ಒಬ್ಬಳೇ ಕೂತು ಕುಡಿದ ಕಾಫಿ

ಯುರೋಪಿನ ದೊಡ್ಡ ಊರಿಗೆ ಎರಡು ಮೂರು ದಿನದ ಮಟ್ಟಿಗೆ ಒಬ್ಬರೇ ಹೋದರೆ ಏನಾಗುತ್ತದೆ ಎಂಬುದು ಹೋಗಿಬಂದವರಿಗೆಲ್ಲ ಗೊತ್ತು. ಬೆಳಗ್ಗೆ ಅರಮನೆ, ಮಧ್ಯಾಹ್ನ ಮ್ಯೂಸಿಯಂ, ಸಂಜೆ ಚರ್ಚು, ರಾತ್ರಿ ಕಾಲುನೋವು. ಮಾತಿಗೆ ಜೊತೆಯಿಲ್ಲದ ಕಾರಣ ಓಡಾಟವೇ ಹೆಚ್ಚಾಗುತ್ತದೆ. ವಿಯೆನ್ನಾಕ್ಕೆ ಹೋಗುವವರು ಹೀಗೆ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬರೇ ಬಂದು, ಒಬ್ಬರೇ ಕೂತು, ಎಷ್ಟು ಹೊತ್ತು ಬೇಕಾದರೂ ಸುಮ್ಮನಿದ್ದು ಎದ್ದುಹೋಗುವ ಹಕ್ಕನ್ನು ಒಂದು ಕಪ್ ಕಾಫಿಯ ಬೆಲೆಗೆ ಕೊಡುವ ಊರು ಅದು. ಈ ಅಂಕಣದಲ್ಲಿ ಬೀಜ, ಹುರಿಯುವ ಹದ, ಡಿಕಾಕ್ಷನ್ ಎಂದೆಲ್ಲ ಬರೆಯುತ್ತ ಬಂದಿದ್ದೇನೆ. ಈ ವಾರ ಕಾಫಿಯ ಜೊತೆಗೆ ಸಿಗುವ ಕುರ್ಚಿಯ ಬಗ್ಗೆ.

ಮ್ಯೂನಿಕ್‌ನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಅಲ್ಲಿಂದ ವಿಯೆನ್ನಾಕ್ಕೆ ರೈಲಿನಲ್ಲಿ ನಾಲ್ಕು ಗಂಟೆ. "ಅಕ್ಕಾ, ಕಾಫಿ ಕುಡಿಯೋದಕ್ಕೆ ಅಂತ ಇನ್ನೊಂದು ದೇಶಕ್ಕೆ ಹೋಗ್ತೀಯಾ?" ಎಂದು ಅವನು ಕೇಳಿದ. "ಹೂಂ ಕಣೋ, ಅದಕ್ಕೇ" ಅಂದೆ.

ಮೊದಲು ಹೋದದ್ದು ಗುಂಪೆಂಡೋರ್ಫರ್ ಬೀದಿಯ ಕೆಫೆ ಸ್ಪೆರ್ಲ್‌ಗೆ. 1880ರಲ್ಲಿ ಶುರುವಾದ ಜಾಗ. ಥಿಯೇಟರ್ ಆನ್ ಡೆರ್ ವೀನ್ ಹತ್ತಿರದಲ್ಲೇ ಇರುವುದರಿಂದ ಒಂದು ಕಾಲಕ್ಕೆ ಫ್ರಾಂಜ್ ಲೆಹಾರ್‌ನಂಥ ಸಂಗೀತಗಾರರು ಇಲ್ಲಿ ಬಂದು ಕೂರುತ್ತಿದ್ದರು. 1995ರ 'ಬಿಫೋರ್ ಸನ್‌ರೈಸ್' ಸಿನಿಮಾದಲ್ಲಿ ಹುಡುಗ ಹುಡುಗಿ ಫೋನಿನ ಆಟ ಆಡುವ ದೃಶ್ಯ ನೆನಪಿದ್ದರೆ, ಅದು ಚಿತ್ರೀಕರಣವಾದದ್ದೂ ಇಲ್ಲೇ. ಎತ್ತರದ ಚಾವಣಿ, ನಡೆದರೆ ಸದ್ದಾಗುವ ಮರದ ನೆಲ, ಕಿಟಕಿಗೆ ತಾಗಿದ ಮೆತ್ತೆಯ ಆಸನಗಳು, ನಡುವೆ ಬಿಲಿಯರ್ಡ್ಸ್ ಮೇಜುಗಳು. ಅದರಲ್ಲೊಂದರ ಮೇಲೆ ಆಟವಿಲ್ಲ, ಬರೀ ಪತ್ರಿಕೆಗಳು. ಬೇಕಾದ್ದನ್ನು ಎತ್ತಿಕೊಂಡು ಹೋಗಬಹುದು. ನಾನು ಕಿಟಕಿಯ ಪಕ್ಕ ಕೂತೆ. ಎಷ್ಟು ಜನ ಎಂದು ಯಾರೂ ಕೇಳಲಿಲ್ಲ, ನಾಲ್ಕು ಜನರ ಮೇಜನ್ನು ಒಬ್ಬಳೇ ಹಿಡಿದದ್ದಕ್ಕೆ ಯಾರೂ ಮುಖ ಸಿಂಡರಿಸಲೂ ಇಲ್ಲ.

ಅಲ್ಲಿ ಹೋಗಿ 'ಕಾಫಿ' ಎಂದಷ್ಟೇ ಕೇಳಿದರೆ ಸಾಲದು, ಯಾವುದು ಎಂದು ಹೇಳಬೇಕು. ಪ್ರವಾಸಿಗರು ಹೆಚ್ಚಾಗಿ ತರಿಸುವುದು ಮೆಲಾಂಜ್. ಸ್ವಲ್ಪ ತೆಳುಮಾಡಿದ ಎಸ್‌ಪ್ರೆಸ್ಸೊಗೆ ಬಿಸಿ ಹಾಲು, ಮೇಲೆ ನೊರೆ. ನಮ್ಮ ನಾಲಿಗೆಗೆ ಅದಕ್ಕಿಂತ ಹತ್ತಿರವಾದದ್ದು ಬ್ರೌನರ್. ಗಟ್ಟಿ ಕಾಫಿ, ಜೊತೆಗೆ ಪುಟ್ಟ ಜಗ್ಗಿನಲ್ಲಿ ಕೆನೆಹಾಲು. ಚಿಕ್ಕದಕ್ಕೆ ಕ್ಲೈನರ್, ದೊಡ್ಡದಕ್ಕೆ ಗ್ರೋಸರ್ ಎನ್ನಬೇಕು. ಎಷ್ಟು ಕೆನೆ ಬೇಕೋ ನಾವೇ ಬೆರೆಸಿಕೊಳ್ಳುವುದು ಅದರ ಸುಖ. ಇನ್ನು ಐನ್‌ಸ್ಪೆನರ್: ಹಿಡಿಯಿರುವ ಗಾಜಿನ ಲೋಟದಲ್ಲಿ ಕಪ್ಪು ಕಾಫಿ, ಅದರ ಮೇಲೆ ಕಡೆದ ಕೆನೆಯ ದಪ್ಪ ಪದರ. ಇದನ್ನು ಕಲಕಬಾರದು. ತಣ್ಣನೆಯ ಕೆನೆಯ ಅಡಿಯಿಂದ ಬಿಸಿ ಕಾಫಿ ಬಾಯಿಗೆ ಬರಬೇಕು. ಚಳಿಗಾಲದಲ್ಲಿ ಸವಾರಿಗೆ ಕಾಯುತ್ತ ಕೂತ ಕುದುರೆಗಾಡಿಯವರು ಕುಡಿಯುತ್ತಿದ್ದ ಕಾಫಿ ಇದು ಎನ್ನುತ್ತಾರೆ. ಕೆನೆಯ ಮುಚ್ಚಳವಿದ್ದರೆ ಕೆಳಗಿನ ಕಾಫಿ ಬೇಗ ಆರುವುದಿಲ್ಲ.

ವೇಟರ್ ಕಪ್ಪು ಕೋಟು, ಬೋ ಟೈ ಹಾಕಿದ ಹಿರಿಯರು. ಅವರನ್ನು 'ಹೆರ್ ಓಬರ್' ಎಂದು ಗೌರವದಿಂದ ಕರೆಯಬೇಕು. ನಾನು ಹೇಳಿದ ಬ್ರೌನರ್ ಸಣ್ಣ ಲೋಹದ ಟ್ರೇಯಲ್ಲಿ ಬಂತು. ಕಪ್ಪು, ಸಾಸರು, ಸಕ್ಕರೆ, ಕೆನೆಯ ಜಗ್ಗು, ಒಂದು ಗಾಜಿನ ಲೋಟ ನೀರು. ಲೋಟದ ಬಾಯಿಗೆ ಅಡ್ಡಲಾಗಿ ಒಂದು ಚಮಚ, ಮಗುಚಿ ಇಟ್ಟದ್ದು. ಟ್ರೇ ಸಮೇತ ಮೇಜಿನ ಮೇಲಿಟ್ಟು ಹೋದರು. ಕಾಫಿ ಮುಗಿದು ಮುಕ್ಕಾಲು ಗಂಟೆಯ ಮೇಲಾಗಿತ್ತು. ಅವರು ಮತ್ತೆ ಬಂದರು. ನಮ್ಮ ಕಡೆಯ ಅಭ್ಯಾಸದಿಂದ ಬಿಲ್ಲು ಬಂತು ಎಂದುಕೊಂಡು ಪರ್ಸ್ ತೆಗೆದೆ. ಖಾಲಿ ಲೋಟ ಎತ್ತಿಕೊಂಡು ಹೊಸದೊಂದು ಲೋಟ ನೀರಿಟ್ಟು ಹೋದರು. ಇನ್ನೂ ಕೂರಿ ಎಂದು ಬಾಯಿಬಿಟ್ಟು ಹೇಳಬೇಕಾದ್ದೇ ಇಲ್ಲ.

ಆ ನೀರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಕಾಫಿ ಕುಡಿಯುವವರು ಬೀಜದ ಬಗ್ಗೆ ಮಾತಾಡಿದಷ್ಟು ನೀರಿನ ಬಗ್ಗೆ ಮಾತಾಡುವುದಿಲ್ಲ, ಆದರೆ ಕಪ್ಪಿನಲ್ಲಿ ಇರುವುದೆಲ್ಲ ಬಹುಪಾಲು ನೀರೇ. 19ನೆಯ ಶತಮಾನದ ನಡುವಿನಲ್ಲಿ ವಿಯೆನ್ನಾದ ನೀರು ಕೆಟ್ಟಿತ್ತು, ಕಾಲರಾ, ಟೈಫಾಯ್ಡ್ ಹರಡುತ್ತಿದ್ದವು. ಎಡ್ವರ್ಡ್ ಸೂಸ್ ಎಂಬ ಭೂವಿಜ್ಞಾನಿ, ಆಲ್ಪ್ಸ್ ತಪ್ಪಲಿನ ಸುಣ್ಣಕಲ್ಲಿನ ಬೆಟ್ಟಗಳಿಂದ ಬುಗ್ಗೆಯ ನೀರನ್ನೇ ಊರಿಗೆ ತರಬೇಕು ಎಂದು ಹಟ ಹಿಡಿದು ಯೋಜನೆ ಮಾಡಿಸಿದ. 1873ರ ಅಕ್ಟೋಬರ್ 24ರಂದು ಶ್ವಾರ್ಜೆನ್‌ಬರ್ಗ್ ಚೌಕದ ಕಾರಂಜಿ ಚಿಮ್ಮಿಸಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಅದನ್ನು ಉದ್ಘಾಟಿಸಿದ. ಎರಡನೆಯ ಕಾಲುವೆ 1910ರಲ್ಲಿ ಬಂತು. ಅದು ಸುಮಾರು 180 ಕಿ.ಮೀ. ಉದ್ದ. ಎರಡಕ್ಕೂ ಪಂಪಿನ ಹಂಗಿಲ್ಲ, ಇಳಿಜಾರಿನಲ್ಲೇ ನೀರು ಹರಿದು ಊರು ಸೇರುತ್ತದೆ. ಸುಮಾರು 100 ಕಿ.ಮೀ. ದೂರದಿಂದ ಕಾವೇರಿಯನ್ನು ಪಂಪು ಮಾಡಿ ಮಾಡಿ ಮೇಲೆತ್ತಿಸಿಕೊಳ್ಳುವ ಬೆಂಗಳೂರಿನವಳಾದ ನನಗೆ ಇದು ದೊಡ್ಡ ಸಂಗತಿ ಅನ್ನಿಸಿತು. ಇದೇ ಸೂಸ್‌ಗೆ ನಮ್ಮ ಜೊತೆ ಇನ್ನೊಂದು ನಂಟೂ ಇದೆ: ಇಂಡಿಯಾ, ಆಫ್ರಿಕಾ ಎಲ್ಲ ಒಂದಾಗಿದ್ದ ಪ್ರಾಚೀನ ಭೂಖಂಡಕ್ಕೆ ನಮ್ಮ ಗೊಂಡರ ನಾಡಿನ ಹೆಸರು ಹಿಡಿದು ಗೊಂಡ್ವಾನಾಲ್ಯಾಂಡ್ ಎಂದು ಕರೆದವನು ಅವನೇ. ಕೇಳಿದಷ್ಟು ಸಲ ಉಚಿತವಾಗಿ ಬರುವ ಆ ಲೋಟದ ನೀರು ತಣ್ಣಗೆ, ಯಾವ ವಾಸನೆಯೂ ಇಲ್ಲದೆ ಇರುತ್ತದೆ. ಕಾಫಿಯ ಮೊದಲು ಒಂದು ಗುಟುಕು, ಕೊನೆಗೊಂದು ಗುಟುಕು ಕುಡಿದರೆ ನಾಲಿಗೆ ಚೊಕ್ಕಟವಾಗುತ್ತದೆ.

ಕುರ್ಚಿಗೂ ಚರಿತ್ರೆ ಇದೆ. ಮೈಕೇಲ್ ಥೋನೆಟ್ ಎಂಬ ಬಡಗಿ ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುವ ವಿದ್ಯೆ ಕಂಡುಕೊಂಡಿದ್ದ. 1859ರಲ್ಲಿ ಬಂದ ಅವನ 14ನೆಯ ಮಾದರಿಯ ಕುರ್ಚಿಗೆ ಬೇಕಾದದ್ದು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಡಿಬಿಡಿಯಾಗಿ ಕಟ್ಟಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ವಿಯೆನ್ನಾದ ಕಾಫಿಹೌಸುಗಳಿಂದ ಅದು ಲೋಕಕ್ಕೆಲ್ಲ ಹೋಯಿತು. ನಮ್ಮ ಹಳೆಯ ಹೋಟೆಲುಗಳಲ್ಲಿ ಕಾಣುತ್ತಿದ್ದ ಬಾಗಿದ ಬೆನ್ನಿನ ಮರದ ಕುರ್ಚಿಯನ್ನು ನೆನೆಸಿಕೊಳ್ಳಿ, ಅದರ ಮೂಲ ವಂಶ ಇದೇ. ಎರಡು ಗಂಟೆ ಕೂತರೂ ನನಗೆ ಬೆನ್ನು ನೋಯಲಿಲ್ಲ.

ಪತ್ರಿಕೆಗಳನ್ನು ಮರದ ಹಿಡಿಗೆ ಸಿಕ್ಕಿಸಿ ಇಡುತ್ತಾರೆ, ಮಡಿಕೆ ಕೆಡದೆ ಒಂದು ಕೈಯಲ್ಲಿ ಹಿಡಿದು ಓದಬಹುದು. ಜರ್ಮನ್ ನನಗೆ ಅಷ್ಟಾಗಿ ಬರುವುದಿಲ್ಲ, ತಲೆಬರಹ ಓದಿ ಚಿತ್ರ ನೋಡಿದೆ. ಆ ರಾಶಿಯಲ್ಲಿ ಒಂದು ಪತ್ರಿಕೆ ಇಲ್ಲ ಎಂಬುದು ಪತ್ರಿಕೆಗೆ ಬರೆಯುವವಳಾದ ನನ್ನನ್ನು ಕಾಡಿತು. 1703ರಲ್ಲಿ ಶುರುವಾದ 'ವೀನರ್ ಟ್ಸೈಟುಂಗ್' ಲೋಕದ ಅತಿ ಹಳೆಯ ದಿನಪತ್ರಿಕೆಗಳಲ್ಲೊಂದು. 2023ರ ಜೂನ್ 30ಕ್ಕೆ ಅದರ ದೈನಿಕ ಮುದ್ರಣ ನಿಂತುಹೋಯಿತು, ಈಗ ಅದು ಮುಖ್ಯವಾಗಿ ಅಂತರ್ಜಾಲದಲ್ಲಿ. ಇಷ್ಟು ಮೇಜು, ಇಷ್ಟು ಮರದ ಹಿಡಿಗಳಿರುವ ಊರಿನಲ್ಲೇ ಹೀಗಾಯಿತು.

ವಿಯೆನ್ನಾಕ್ಕೆ ಕಾಫಿ ಬಂದ ಕಥೆ ಎಲ್ಲ ಗೈಡುಗಳೂ ಹೇಳುತ್ತಾರೆ. 1683ರಲ್ಲಿ ಆಟೊಮನ್ ಸೈನ್ಯ ಊರನ್ನು ಮುತ್ತಿತ್ತು, ಪೋಲೆಂಡಿನ ದೊರೆ ಸೋಬಿಯೆಸ್ಕಿಯ ಸೈನ್ಯ ಬಂದು ಅದನ್ನು ಓಡಿಸಿತು, ಬಿಟ್ಟುಹೋದ ಡೇರೆಗಳಲ್ಲಿ ಸಿಕ್ಕ ಕಾಫಿ ಬೀಜದ ಮೂಟೆಗಳನ್ನು ಕೊಲ್ಶಿಟ್ಸ್‌ಕಿ ಎಂಬ ಗೂಢಚಾರ ಬಹುಮಾನವಾಗಿ ಪಡೆದು ಮೊದಲ ಕಾಫಿಹೌಸು ತೆರೆದ ಎಂಬುದು ಕಥೆ. ಅವನದೊಂದು ಪ್ರತಿಮೆಯೂ ಇದೆ. ದಾಖಲೆ ಹೇಳುವುದು ಬೇರೆ. 1685ರಲ್ಲಿ ಕಾಫಿ ಮಾರುವ ಪರವಾನಗಿ ಪಡೆದವನು ಯೋಹಾನೆಸ್ ಡಿಯೊಡಾಟೊ ಎಂಬ ಅರ್ಮೇನಿಯನ್ ವ್ಯಾಪಾರಿ. ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದ ಬಾಬಾ ಬುಡನ್ ಅವರ ಕಥೆಯನ್ನೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಹೇಳುತ್ತಾರೆ. ಒಂದೇ ತಲೆಮಾರಿನಲ್ಲಿ ಆ ಪಾನೀಯ ಒಂದು ಕಡೆ ಚಿಕ್ಕಮಗಳೂರಿಗೂ ಇನ್ನೊಂದು ಕಡೆ ಡ್ಯಾನ್ಯೂಬ್ ದಡಕ್ಕೂ ಮುಟ್ಟಿತು. ನಮ್ಮಲ್ಲಿ ಅದು ತೋಟವಾಯಿತು, ಅವರಲ್ಲಿ ಕೂರುವ ಜಾಗವಾಯಿತು.

ಚಿಕೋರಿಯ ಬಗ್ಗೆ ಈ ಅಂಕಣದಲ್ಲಿ ಎಷ್ಟೋ ಜಗಳ ಆಗಿದೆ. ಅದು ಯುರೋಪಿನಲ್ಲಿ ಬೇರೂರಿದ್ದರ ಹಿಂದೆ ಒಂದು ಯುದ್ಧವಿದೆ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ಯುರೋಪಿನ ಬಂದರುಗಳನ್ನು ಮುಚ್ಚಿಸಿದ. ಕಾಫಿ ಬೀಜ ಸಿಗದೆ ಬೆಲೆ ಆಕಾಶಕ್ಕೇರಿತು, ಜನ ಚಿಕೋರಿ ಬೇರು ಹುರಿದು ಕುಡಿದರು. ಬರೀ ಕಾಫಿ ಮಾರಿ ಬದುಕಲಾಗದ ವಿಯೆನ್ನಾದ ಕಾಫಿಹೌಸುಗಳಿಗೆ ಊಟ ಬಡಿಸಲು ಅನುಮತಿ ಸಿಕ್ಕಿತು. ಇವತ್ತು ಅಲ್ಲಿ ಕಾಫಿಯ ಜೊತೆ ಮೊಟ್ಟೆ, ಸೂಪು, ಸಸ್ಯಾಹಾರಿಗಳಿಗೆ ಒಂದೆರಡು ಬಗೆ ತಿಂಡಿ ಸಿಗುವುದರ ಮೂಲ ಆ ಬರಗಾಲದಲ್ಲಿದೆ. ಚಿಕೋರಿಯನ್ನು ನಾವು ಇನ್ನೂ ಬಿಟ್ಟಿಲ್ಲ. ನಮ್ಮ ಕಾನೂನಿನಂತೆ ಮಿಶ್ರಣದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು. ಇನ್ನುಳಿದದ್ದರ ಬಗ್ಗೆ ಜಗಳ ಮುಂದುವರಿಯಲಿ.

ಹೆಂಗಸೊಬ್ಬಳು ಒಂಟಿಯಾಗಿ ಅಲ್ಲಿ ಕೂರುವುದು ಮೊದಲಿನಿಂದ ಇದ್ದ ಸೌಲಭ್ಯ ಅಲ್ಲ. 19ನೆಯ ಶತಮಾನದ ನಡುಭಾಗದವರೆಗೂ ವಿಯೆನ್ನಾದ ಕಾಫಿಹೌಸಿನಲ್ಲಿ ಗಿರಾಕಿಗಳೆಲ್ಲ ಗಂಡಸರು, ಹೆಂಗಸು ಎಂದರೆ ಗಲ್ಲಾಪೆಟ್ಟಿಗೆಯಲ್ಲಿ ಕೂತವಳು ಮಾತ್ರ. ನಮ್ಮ ಊರುಗಳ ಹೋಟೆಲಿನಲ್ಲಿ 'ಫ್ಯಾಮಿಲಿ ರೂಮ್' ಎಂಬ ಪರದೆ ಎಳೆದ ಕೋಣೆ ಇದ್ದದ್ದನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಹೆಂಗಸರು, ಮಕ್ಕಳು ಅಲ್ಲೇ ಕೂರಬೇಕು, ಒಬ್ಬಳೇ ಹೋದರೆ ಎಲ್ಲಿ ಕೂರಿಸಬೇಕೆಂದು ಯಜಮಾನರಿಗೇ ತಿಳಿಯದು. ಸ್ಪೆರ್ಲ್‌ನಲ್ಲಿ ನನ್ನ ಆಚೆ ಮೇಜಿನಲ್ಲಿ ಎಂಬತ್ತರ ಹತ್ತಿರದ ಅಜ್ಜಿಯೊಬ್ಬರು ಟೋಪಿ ತೆಗೆಯದೆ ಕೂತು, ಭೂತಗನ್ನಡಿ ಹಿಡಿದು ಪತ್ರಿಕೆ ಓದುತ್ತಿದ್ದರು. ವೇಟರ್ ಅವರನ್ನು ಏನು ಬೇಕೆಂದು ಕೇಳಲೇ ಇಲ್ಲ, ತಂದಿಟ್ಟರು. ಅವರು ಆ ಮೇಜಿನ ಒಡತಿ ಎಂಬುದು ನೋಡಿದರೆ ಗೊತ್ತಾಗುತ್ತಿತ್ತು.

ಹೆರೆನ್‌ಗಾಸೆಯ ಕೆಫೆ ಸೆಂಟ್ರಲ್ ಎಲ್ಲರೂ ಹೋಗುವ ಜಾಗ. ಹೊರಗೆ ಉದ್ದ ಸಾಲು, ಒಳಗೆ ಕಮಾನುಗಳು, ಕಂಬಗಳು, ಕ್ಯಾಮೆರಾಗಳು. ಬ್ಯಾಂಕು ಮತ್ತು ಷೇರುಪೇಟೆಗೆಂದು ಹೈನ್ರಿಖ್ ಫಾನ್ ಫರ್ಸ್ಟೆಲ್ ಕಟ್ಟಿದ ಭವ್ಯ ಕಟ್ಟಡದಲ್ಲಿ 1876ರಲ್ಲಿ ತೆರೆದದ್ದು. ಸಾಹಿತಿಗಳು ಮೊದಲು ಸೇರುತ್ತಿದ್ದದ್ದು ಮಿಖಾಯೆಲರ್ ಚೌಕದ ಗ್ರೀನ್‌ಸ್ಟೈಡ್ಲ್‌ನಲ್ಲಿ. ಆರ್ಥರ್ ಶ್ನಿಟ್ಸ್‌ಲರ್, ಹೂಗೊ ಫಾನ್ ಹೋಫ್‌ಮನ್ಸ್‌ತಾಲ್, ಹೆರ್ಮನ್ ಬಾರ್ ಎಲ್ಲ ಅಲ್ಲಿಯವರು. 1897ರಲ್ಲಿ ಅದನ್ನು ಕೆಡವಿದಾಗ ಗುಂಪು ಸೆಂಟ್ರಲ್‌ಗೆ ಬಂತು. ಪೀಟರ್ ಆಲ್ಟೆನ್‌ಬರ್ಗ್ ಎಂಬ ಬರಹಗಾರ ಕಾಗದಪತ್ರಗಳಿಗೆ ಇದನ್ನೇ ವಿಳಾಸವಾಗಿ ಕೊಡುತ್ತಿದ್ದ. ಅವನ ಬೊಂಬೆ ಈಗ ಬಾಗಿಲ ಹತ್ತಿರ ಕೂತಿದೆ. ಟ್ರಾಟ್‌ಸ್ಕಿ 1907ರಿಂದ 1914ರವರೆಗೆ ಈ ಊರಿನಲ್ಲಿದ್ದು ಇಲ್ಲಿ ಚದುರಂಗ ಆಡುತ್ತಿದ್ದ. ಒಮ್ಮೆ ಒಳಗೆ ಹೋಗಿ ಚಾವಣಿ ನೋಡಿ ಬನ್ನಿ, ಕಾಫಿ ಬೇರೆ ಕಡೆ ಕುಡಿಯಿರಿ ಎಂಬುದು ನನ್ನ ಸಲಹೆ. ಹೊರಗೆ ಸಾಲು ಕಾಯುತ್ತಿರುವಾಗ ಒಳಗೆ ನೆಮ್ಮದಿಯಿಂದ ಕೂರಲು ಮನಸ್ಸು ಒಪ್ಪುವುದಿಲ್ಲ, ಕೂರಲಾಗದ ಮೇಲೆ ಅದು ಕಾಫಿಹೌಸು ಅಲ್ಲ.

ಸೆಂಟ್ರಲ್‌ನಲ್ಲಿ ಆ ಬೊಂಬೆಯನ್ನು ನೋಡುವಾಗ ಕೇಳಬೇಕಾದ ಪ್ರಶ್ನೆ ಬೇರೆ. ಆ ಜನರೆಲ್ಲ ಎಲ್ಲಿ ಹೋದರು? ವಿಯೆನ್ನಾದ ಕಾಫಿಹೌಸಿನ ಮಾತು, ಬರಹ, ಹಾಸ್ಯ ಬಹುಪಾಲು ಯಹೂದಿಗಳದ್ದು. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಯಹೂದಿ ಮಾಲೀಕರಿಂದ ಕಾಫಿಹೌಸುಗಳನ್ನು ಕಿತ್ತುಕೊಂಡರು, ಗಿರಾಕಿಗಳು ದೇಶ ಬಿಟ್ಟರು, ಬಿಡಲಾಗದವರು ಸತ್ತರು. ಸೆಂಟ್ರಲ್ ಬಗ್ಗೆ ಹೆಸರಾಂತ ಪ್ರಬಂಧ ಬರೆದ ಆಲ್ಫ್ರೆಡ್ ಪೋಲ್ಗರ್ ಅಮೆರಿಕಕ್ಕೆ ಓಡಿದ. ಊರನ್ನೆಲ್ಲ ನಗಿಸಿದ್ದ ಫ್ರಿಟ್ಸ್ ಗ್ರೂನ್‌ಬಾಮ್ 1941ರಲ್ಲಿ ಡಾಖಾವ್ ಶಿಬಿರದಲ್ಲಿ ಪ್ರಾಣ ಬಿಟ್ಟ. ಊರಿನ ಓಸ್ಟಾರಿಕಿ ಪಾರ್ಕಿನಲ್ಲಿ 2021ರಲ್ಲಿ ಒಂದು ಸ್ಮಾರಕ ಕಟ್ಟಿದ್ದಾರೆ. ಅಂಡಾಕಾರವಾಗಿ ನಿಲ್ಲಿಸಿದ ಕಲ್ಲಿನ ಗೋಡೆಗಳ ಮೇಲೆ, ಕೊಲೆಯಾದ ಆಸ್ಟ್ರಿಯಾದ ಯಹೂದಿಗಳ 64 ಸಾವಿರಕ್ಕೂ ಹೆಚ್ಚು ಹೆಸರುಗಳು. ಅಕ್ಷರ ಸಣ್ಣದು, ಹತ್ತಿರ ಹೋಗಿ ಓದಬೇಕು. ಒಂದೇ ಮನೆತನದ ಹೆಸರು ಸಾಲು ಸಾಲಾಗಿ ಬರುತ್ತದೆ. ಕಾಫಿಹೌಸು ನೋಡಲು ಹೋದವರು ಅಲ್ಲಿಗೂ ಹೋಗಿಬರಬೇಕು, ಇಲ್ಲದಿದ್ದರೆ ಅರ್ಧ ಊರನ್ನಷ್ಟೇ ನೋಡಿದ ಹಾಗೆ.

ರಾತ್ರಿ ಡೊರೊಥೀರ್‌ಗಾಸೆಯ ಹಾವೆಲ್ಕಾ. 1939ರಲ್ಲಿ ಲಿಯೋಪೋಲ್ಡ್ ಮತ್ತು ಯೋಸೆಫೀನ್ ಹಾವೆಲ್ಕಾ ದಂಪತಿ ತೆರೆದದ್ದು, ಯುದ್ಧದಲ್ಲಿ ಮುಚ್ಚಿ 1945ರಲ್ಲಿ ಮತ್ತೆ ತೆರೆದದ್ದು. ಯಜಮಾನರು 2011ರಲ್ಲಿ ನೂರು ತುಂಬಿಸಿ ತೀರಿಕೊಂಡರು, ಮನೆಯವರು ನಡೆಸುತ್ತಿದ್ದಾರೆ. ಮಂದ ಬೆಳಕು, ಗೋಡೆ ತುಂಬ ಹಳೆಯ ಪೋಸ್ಟರುಗಳು, ಸವೆದ ಕೆಂಪು ಪಟ್ಟೆಯ ಸೋಫಾಗಳು. ಇಲ್ಲಿ ಎಂಟು ಗಂಟೆಯ ಮೇಲೆ ಬುಖ್ಟೆಲ್ನ್ ಬರುತ್ತದೆ. ಹುಳಿ ಬಂದ ಮೈದಾ ಹಿಟ್ಟಿನ ಉಂಡೆಗಳೊಳಗೆ ಪ್ಲಮ್ ಹಣ್ಣಿನ ಕಪ್ಪು ಜಾಮ್ ತುಂಬಿ, ಒಂದಕ್ಕೊಂದು ಒತ್ತಿಟ್ಟು ಬೇಯಿಸಿ, ಮೇಲೆ ಸಕ್ಕರೆ ಪುಡಿ ಉದುರಿಸಿ ಬಿಸಿಬಿಸಿಯಾಗಿ ಕೊಡುತ್ತಾರೆ. ಬಿಡಿಸಿದರೆ ಬದಿಗಳು ಎಳೆ ಎಳೆಯಾಗಿ ಬರುತ್ತವೆ, ಜಾಮ್ ನಾಲಿಗೆ ಸುಡುತ್ತದೆ. ಯೋಸೆಫೀನ್ ಅವರ ಕೈಯಡುಗೆ ಅದು. ಅವರು ಹೋಗಿ ಇಪ್ಪತ್ತು ವರ್ಷದ ಮೇಲಾದರೂ ಜನ ಅದಕ್ಕೇ ಕಾದು ಕೂರುತ್ತಾರೆ. ಜಾಗ ಇಕ್ಕಟ್ಟು, ನನ್ನ ಮೇಜಿಗೆ ಇನ್ನಿಬ್ಬರನ್ನು ತಂದು ಕೂರಿಸಿದರು. "ಇದರ ಜೊತೆ ಏನು ಕುಡೀಬೇಕು?" ಎಂದು ಅವರಲ್ಲೊಬ್ಬ ಹುಡುಗಿಯನ್ನು ಕೇಳಿದೆ. "ಕಪ್ಪು ಕಾಫಿ, ಸಕ್ಕರೆ ಬೇಡ" ಎಂದಳು. ಸರಿಯಾಗಿ ಹೇಳಿದಳು.

ಇನ್ನು ರುಚಿಯ ಲೆಕ್ಕ. ಹಳೆಯ ಕಾಫಿಹೌಸುಗಳ ಕಾಫಿ ಚೆನ್ನಾಗಿದೆ, ಅಷ್ಟೇ. ಹುರಿದ ಹದ ಮಧ್ಯಮಕ್ಕಿಂತ ಸ್ವಲ್ಪ ಕಪ್ಪು, ಕಹಿ ಕಡಿಮೆ, ಮೈ ತೆಳು. ಪೀಬರಿ ಪುಡಿಯ ಮೊದಲ ಡಿಕಾಕ್ಷನ್‌ಗೆ ಕಾಯಿಸಿದ ಗಟ್ಟಿ ಹಾಲು ಬೆರೆಸಿ ಬೆಳೆದ ನಾಲಿಗೆಗೆ ಮೆಲಾಂಜ್ ಸಪ್ಪೆ. ಐದಾರು ಯೂರೊ ಕೊಟ್ಟು ಕುಡಿಯುವಾಗ, ಅಂದರೆ ಐನೂರು ಆರುನೂರು ರೂಪಾಯಿ, ಮಲ್ಲೇಶ್ವರದಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುವ ಲೋಟ ನೆನಪಾಗದೆ ಇರದು. ಕಾಫಿಯಲ್ಲಿ ನಾವೇ ಮುಂದು, ಇದನ್ನು ನಾನು ಅಭಿಮಾನಕ್ಕೆ ಹೇಳುತ್ತಿಲ್ಲ, ಕುಡಿದು ನೋಡಿ ಹೇಳುತ್ತಿದ್ದೇನೆ.

ಆದರೆ ಕೂರುವುದರಲ್ಲಿ ನಾವು ಸೋತಿದ್ದೇವೆ. ಕಾಫಿಹೌಸ್ ಸಂಸ್ಕೃತಿಯನ್ನು 2011ರಲ್ಲಿ ಆಸ್ಟ್ರಿಯಾ ತನ್ನ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮಲ್ಲಿ 1980ರ ದಶಕದಿಂದ ದರ್ಶಿನಿಗಳು ಬಂದವು. ಬಿಸಿ, ಚೊಕ್ಕ, ಅಗ್ಗ, ಬೇಗ. ಅವು ಮಾಡಿದ ಉಪಕಾರ ದೊಡ್ಡದು, ಆದರೆ ಕುರ್ಚಿ ಎತ್ತಿಟ್ಟವು. ಹೊಸ ಕಾಲದ ಕಾಫಿ ಅಂಗಡಿಗಳಲ್ಲಿ ಕುರ್ಚಿ ಇದೆ, ಕಿವಿಗೆ ಬಡಿಯುವ ಸಂಗೀತವೂ ಇದೆ, ಪತ್ರಿಕೆ ಇಲ್ಲ. ನಮಗೇನೂ ಇದು ಹೊಸ ವಿದ್ಯೆ ಅಲ್ಲ. ಮೈಸೂರಿನ ಕಾಫಿ ಹೌಸಿನಲ್ಲಿ ಗೋಪಾಲಕೃಷ್ಣ ಅಡಿಗರ ಜೊತೆ ಕೂತು ಮಾತಾಡಿದ ದಿನಗಳನ್ನು ಯು.ಆರ್. ಅನಂತಮೂರ್ತಿ ನೆನೆದಿದ್ದಾರೆ. ನವ್ಯ ಸಾಹಿತ್ಯದ ಎಷ್ಟೋ ಜಗಳ, ಎಷ್ಟೋ ಯೋಚನೆ ಆ ಮೇಜಿನ ಮೇಲೆ ಹುಟ್ಟಿದವು. ಕಾಫಿ ಬೋರ್ಡು ಕೈಬಿಟ್ಟ ಕಾಫಿ ಹೌಸುಗಳನ್ನು 1957ರಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸಿಕೊಂಡು ಬಂದರು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದ್ದದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು.

ವಿಯೆನ್ನಾಕ್ಕೆ ಹೋಗುವವರಿಗೆ ಇಷ್ಟು: ಬೆಳಗ್ಗೆ ಒಂಬತ್ತರೊಳಗೆ ಹೋಗಿ, ಕಿಟಕಿ ಪಕ್ಕದ ಜಾಗ ಸಿಗುತ್ತದೆ. ಸ್ವಲ್ಪ ನಗದು ಇಟ್ಟುಕೊಳ್ಳಿ. ಟಿಪ್ಸ್ ಮೇಜಿನ ಮೇಲೆ ಬಿಟ್ಟು ಬರುವ ಪದ್ಧತಿ ಅಲ್ಲಿಲ್ಲ, ಬಿಲ್ಲು 5.60 ಆದರೆ ದುಡ್ಡು ಕೊಡುವಾಗಲೇ "ಆರು" ಎಂದುಬಿಡಿ. ಫೋನು ಚೀಲದಲ್ಲಿರಲಿ. ಹೋಗಲಾಗದವರು ಒಂದು ದಿನ ಚರ್ಚ್ ಸ್ಟ್ರೀಟಿನ ಕಾಫಿ ಹೌಸಿಗೆ ಒಬ್ಬರೇ ಹೋಗಿ, ಪತ್ರಿಕೆ ಹಿಡಿದು ಒಂದು ಗಂಟೆ ಕೂರಿ. ಹೋಟೆಲು ನಡೆಸುವವರಲ್ಲಿ ನನ್ನದೊಂದು ಕೋರಿಕೆ: ಎಷ್ಟೇ ಇಕ್ಕಟ್ಟಿದ್ದರೂ ಮೂಲೆಯಲ್ಲಿ ಎರಡು ಮೇಜು ಹಾಕಿ, ಎರಡು ಪತ್ರಿಕೆ ತರಿಸಿ, ಒಂಟಿಯಾಗಿ ಬಂದವರನ್ನು ಎಬ್ಬಿಸಬೇಡಿ.